ಮರೆಯ ಆಯುಧ

ನಮ್ಮ ತೆಂಗಿನ ಸೀಮೆಯಲ್ಲಿ ಸ್ಥಿತಿವಂತರು ನಾಲ್ಕು ಜನ ಕೂಡಿದ ಕಡೆ ಒಂದು ಪ್ರಶ್ನೆ ಕಿವಿಗೆ ಬೀಳುವುದುಂಟು. ತಿಪಟೂರಿನ ಕೊಬ್ಬರಿ ವರ್ತಕರಿರಲಿ, ತುರುವೇಕೆರೆಯ ಕಂಟ್ರಾಕ್ಟರಿರಲಿ, ಚಿಕ್ಕನಾಯಕನಹಳ್ಳಿಯ ಕಡೆ ಊರಾಚೆ ತೋಟದಲ್ಲಿ ಮನೆಮಾಡಿಕೊಂಡವರಿರಲಿ, ಕೇಳುವ ಧಾಟಿ ಒಂದೇ: “ಅಂಗಿಯ ಕೆಳಗೆ ಕಾಣದಂತಿರಬೇಕು, ದಿನವೂ ಸೊಂಟದಲ್ಲಿಟ್ಟುಕೊಂಡು ಓಡಾಡಿದರೂ ಭಾರವೆನ್ನಿಸಬಾರದು. ಅಂಥ ಪಿಸ್ತೂಲು ಯಾವುದು ಒಳ್ಳೆಯದು?” ಪಂಪುಸೆಟ್ಟು ಯಾವುದು ಒಳ್ಳೆಯದೆಂದು ವಿಚಾರಿಸುವಷ್ಟೇ ಸಹಜವಾಗಿ ಈ ಮಾತು ಬರುತ್ತದೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಕೇಳುವವರಲ್ಲಿ ಬಹುಮಂದಿ ಪುಂಡರಲ್ಲ, ಸಂಸಾರವಂದಿಗರು. ಅವರ ಭಯಕ್ಕೆ ಕಾರಣವೂ ಇದೆ. ನಮ್ಮ ಸೀಮೆಯ ಸಂಪತ್ತಿನ ರೀತಿಯೇ ಬೇರೆ. ಕಾಯಿಯನ್ನು ಕಿತ್ತು ಅಟ್ಟಕ್ಕೇರಿಸಿದರೆ ಅದು ಒಳಗೇ ಒಣಗಿ ಗಿಟುಕಾಗುವುದಕ್ಕೆ ಹತ್ತು ಹನ್ನೆರಡು ತಿಂಗಳು ಬೇಕು. ಒಂದು ಸಂಸಾರದ ವರ್ಷದ ದುಡಿಮೆ ಅಷ್ಟು ಕಾಲವೂ ತಲೆಯ ಮೇಲೆಯೇ ಇರುತ್ತದೆ. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. 2025ರಲ್ಲಿ ಮಾರುಕಟ್ಟೆಯ ಬೆಲೆ ಆ ಮೊತ್ತವನ್ನು ಬಹುದೂರ ಹಿಂದೆ ಬಿಟ್ಟು ಏರಿತು. ಬೆಲೆ ಏರಿದಂತೆ ಅಟ್ಟದ ಮೇಲೆ ಕಳ್ಳನ ಕಣ್ಣೂ ಏರುತ್ತದೆ. ತೋಟದ ಮನೆಗಳೋ ಒಂದರ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರ; ಮಕ್ಕಳೆಲ್ಲ ಬೆಂಗಳೂರಿನಲ್ಲಿ; ಮನೆಯಲ್ಲಿ ಉಳಿದವರು ವಯಸ್ಸಾದ ಇಬ್ಬರು. ಹೀಗಿರಲಾಗಿ ಕೈಗೊಂದು ಆಯುಧವಿದ್ದರೆ ಲೇಸೆನ್ನಿಸುವುದು ಮನುಷ್ಯಸಹಜ. ಆದುದರಿಂದ ಪ್ರಶ್ನೆಯನ್ನು ಗೌರವದಿಂದಲೇ ಎತ್ತಿಕೊಳ್ಳೋಣ. ಅದರ ಉತ್ತರ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೆಂಬುದನ್ನು ನೋಡೋಣ.

ಮೊದಲು ಕಾನೂನಿನ ಮಾತು. ಅಮೆರಿಕದಲ್ಲಿ ಪಿಸ್ತೂಲನ್ನು ಮೈಮೇಲಿಟ್ಟುಕೊಂಡು ಬೀದಿಗೆ ಬರುವುದು ಪ್ರಜೆಯ ಹಕ್ಕೆಂದು ಅಲ್ಲಿಯ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿತು. ನಮ್ಮಲ್ಲಿ ಅದು ಹಕ್ಕಲ್ಲ, ಅನುಮತಿ. 1959ರ ಆಯುಧ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬೇಕು. ಪೊಲೀಸರು ವಿಚಾರಣೆ ಮಾಡಿ ವರದಿ ಕೊಡಬೇಕು. ಆಯುಧವೇಕೆ ಬೇಕೆಂಬುದಕ್ಕೆ ಒಪ್ಪತಕ್ಕ ಕಾರಣವಿರಬೇಕು. 2016ರ ನಿಯಮಗಳು ತರಬೇತಿಯನ್ನೂ, ಮನೆಯಲ್ಲಿ ಭದ್ರವಾಗಿಡುವ ಹೊಣೆಯನ್ನೂ ಸೇರಿಸಿವೆ. 2019ರ ತಿದ್ದುಪಡಿಯು ಒಬ್ಬನ ಬಳಿ ಇರಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದವನಿಗೆ ಎರಡು ವರ್ಷದವರೆಗೆ ಸೆರೆವಾಸವನ್ನು ಗೊತ್ತುಮಾಡಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒಯ್ಯುವವನು ಅದನ್ನು ಒರೆಯಲ್ಲಿಟ್ಟು ಪೂರ್ತಿಯಾಗಿ ಮುಚ್ಚಿರಬೇಕೆಂದು, ಎಲ್ಲರ ಮುಂದೆ ಝಳಪಿಸಕೂಡದೆಂದು 2016ರ ನಿಯಮವೇ ಹೇಳುತ್ತದೆ. ಎಂದರೆ ಮರೆಮಾಡುವುದು ಇಲ್ಲಿ ಚಾತುರ್ಯವಲ್ಲ, ವಿಧಿ. ಸಂತೆಯಲ್ಲಿ ಹೆಂಗಸರು ಮಕ್ಕಳು ಬೆದರಬಾರದೆಂಬುದು ಅದರ ಆಶಯವಾಗಿರಬೇಕು. ಒಳ್ಳೆಯ ಆಶಯವೇ. ಆದರೆ ಈ ಮರೆಯೊಳಗೇ ಒಂದು ತೊಡಕೂ ಅಡಗಿದೆ. ಅದನ್ನು ಮುಂದೆ ನೋಡೋಣ.

ಇನ್ನು ಆರಿಸಿಕೊಳ್ಳುವ ಮಾತು. ವಿದೇಶದ ಚಿತ್ರಗಳಲ್ಲಿ ಕಂಡ ಪಿಸ್ತೂಲುಗಳೆಲ್ಲ ನಮ್ಮ ಕೈಗೆ ದಕ್ಕುವುದಿಲ್ಲ. 9 ಮಿಲಿಮೀಟರಿನ ಸೇನಾ ಮಾದರಿಯ ಪಿಸ್ತೂಲು ಸಾಮಾನ್ಯ ಪ್ರಜೆಗೆ ನಿಷಿದ್ಧ. ಹೊರದೇಶದಿಂದ ತರಿಸಿಕೊಳ್ಳುವ ದಾರಿ 1980ರ ದಶಕದಲ್ಲಿಯೇ ಬಹುಮಟ್ಟಿಗೆ ಮುಚ್ಚಿಹೋಯಿತು. ಉಳಿದದ್ದು ಮುಖ್ಯವಾಗಿ .32ರ ಅಳತೆ, ಎಂದರೆ ಸುಮಾರು 7.65 ಮಿಲಿಮೀಟರು. ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು ಈ ಅಳತೆಯಲ್ಲಿ ತಯಾರಿಸಿದ ಪಿಸ್ತೂಲಿನ ಹೆಸರು ‘ಅಶನಿ’. ಅದೇ ಅಳತೆಯಲ್ಲಿ 2014ರಲ್ಲಿ ಕಾನ್ಪುರದಿಂದ ಒಂದು ಹಗುರವಾದ ರಿವಾಲ್ವರು ಹೊರಬಂತು. ತೂಕ ಸುಮಾರು ಅರ್ಧ ಕಿಲೋ. ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರದ ಮೇಲೆ. 2012ರ ದೆಹಲಿಯ ಘೋರ ಪ್ರಸಂಗದ ತರುವಾಯ ಹೆಣ್ಣುಮಕ್ಕಳ ರಕ್ಷಣೆಗೆಂದು ಹೇಳಿ ಮಾರಾಟಕ್ಕಿಟ್ಟ ಅದಕ್ಕೆ ‘ನಿರ್ಭೀಕ್’ ಎಂದು ಹೆಸರಿಟ್ಟರು.

ಭಾಷೆಯ ಪಾಠ ಹೇಳುವವನಿಗೆ ಈ ಹೆಸರುಗಳ ಮೇಲೆ ಕಣ್ಣು ಬೀಳದೆ ಇರದು. ಅಶನಿಯೆಂದರೆ ಸಿಡಿಲು, ಇಂದ್ರನ ವಜ್ರಾಯುಧ. ಸಿಡಿಲು ಎಂದೂ ಅಡಗಿಕೊಂಡು ಬಂದದ್ದಿಲ್ಲ. ಮೂರು ಹಳ್ಳಿಗೆ ಕೇಳುವಂತೆ ಸಾರಿಯೇ ಬರುತ್ತದೆ. ನಿರ್ಭೀಕನೆಂದರೆ ಭಯವಿಲ್ಲದವನು. ಭಯವಿಲ್ಲದವನಿಗೆ ಅರ್ಧ ಕಿಲೋ ಲೋಹದ ಅಗತ್ಯವೇನು? ಭಯದ ಸರಕಿಗೆ ನಿರ್ಭಯದ ಚೀಟಿಯಂಟಿಸಿ ಮಾರುವುದು ಅಂಗಡಿಯ ಹಳೆಯ ವಿದ್ಯೆ. ಕೊಳ್ಳುವವನು ಚೀಟಿಯನ್ನೋದಿ ಸುಮ್ಮನಾಗಬಾರದು.

ಚಿಕ್ಕ ಪಿಸ್ತೂಲಿನ ಗುಣದೋಷಗಳನ್ನೂ ತಿಳಿದಿರಬೇಕು. ಒಮ್ಮೆ ಕುದುರೆಯೆಳೆದರೆ ಒಂದು ಗುಂಡು ಹಾರಿ, ಆ ಹೊಡೆತದ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು, ಮುಂದಿನ ತೋಟಾ ತಾನಾಗಿ ನಳಿಗೆಯ ಬುಡದ ಗೂಡಿಗೆ ಬಂದು ಕೂರುತ್ತದೆ. ಸೆಮಿ-ಆಟೊಮ್ಯಾಟಿಕ್ ಎಂದರೆ ಇಷ್ಟೆ. ಹೀಗೆ ಮಾಡುವ ಸಣ್ಣ ಪಿಸ್ತೂಲನ್ನು ಬೆಲ್ಜಿಯಂ ದೇಶದ ಕಾರ್ಖಾನೆಗಾಗಿ ಅಮೆರಿಕದ ಜಾನ್ ಬ್ರೌನಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ; .32ರ ತೋಟಾ ಕೂಡ ಅವನದೇ. ಪಿಸ್ತೂಲು ಚಿಕ್ಕದಾದಂತೆಲ್ಲ ಅಂಗಿಯ ಕೆಳಗೆ ಚೆನ್ನಾಗಿ ಅಡಗುತ್ತದೆ, ನಿಜ. ಆದರೆ ನಳಿಗೆ ಮೊಟಕಾದಂತೆ ಗುರಿಯಿಡುವ ಅಂತರವೂ ಮೊಟಕಾಗುತ್ತದೆ. ಹಿಡಿ ಗಿಡ್ಡವಾದಂತೆ ಬೆರಳುಗಳಿಗೆ ಆಸರೆ ಸಾಲುವುದಿಲ್ಲ. ಹಗುರವಾದಂತೆ ಹೊಡೆತದ ಒದೆ ಕೈಗೆ ಜೋರಾಗಿ ತಗಲುತ್ತದೆ. ಒಯ್ಯಲು ಸುಲಭವಾದದ್ದು ಹೊಡೆಯಲು ಕಷ್ಟ. ಒಂದು ಸುಖವನ್ನು ಕೊಂಡರೆ ಇನ್ನೊಂದನ್ನು ಮಾರಿದಂತೆಯೇ. ಅಭ್ಯಾಸವಿಲ್ಲದವನು, ಅದರಲ್ಲಿಯೂ ಹೆದರಿ ಎದೆ ಹೊಡೆದುಕೊಳ್ಳುತ್ತಿರುವವನು, ಇಂಥದನ್ನು ಕತ್ತಲೆಯಲ್ಲಿ ಗುರಿಗೆ ತಾಗಿಸುವನೆಂಬುದು ದೊಡ್ಡ ಭರವಸೆಯಲ್ಲ.

ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ರಿವಾಲ್ವರಿನ ಉರುಳೆಯನ್ನು ಹೊರಕ್ಕೆ ತೆರೆದರೆ ತೋಟಾಗಳೆಲ್ಲ ಕಣ್ಣಿಗೆ ಬೀಳುತ್ತವೆ. ಪಿಸ್ತೂಲಿನಲ್ಲಿ ಮ್ಯಾಗಜೀನನ್ನು ಕಳಚಿ ಮೇಜಿನ ಮೇಲಿಟ್ಟರೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಮ್ಯಾಗಜೀನು ಹೊರಗಿದೆ, ಆದ್ದರಿಂದ ಬರಿದಾಯಿತು ಎಂದು ನಂಬಿದ ಕ್ಷಣದಲ್ಲಿ ಅನಾಹುತಗಳಾಗಿವೆ. ನಮ್ಮ ರೈತ ಅಟ್ಟದಿಂದ ಒಂದು ಕಾಯಿಯನ್ನು ಎತ್ತಿ ಕಿವಿಯ ಬಳಿ ಅಲುಗಿಸುತ್ತಾನೆ. ಒಳಗೆ ನೀರಿದೆಯೋ, ನೀರಿಂಗಿ ಗಿಟುಕು ಬಿಟ್ಟುಕೊಂಡಿದೆಯೋ ಎಂಬುದನ್ನು ಕಾಯಿ ತಾನೇ ಹೇಳುತ್ತದೆ. ಪಿಸ್ತೂಲು ಹಾಗೆ ಹೇಳುವ ಜಾತಿಯದಲ್ಲ. ಲೋಕದ ಕಣ್ಣಿಗೆ ಮರೆಯಾಗಿರಲೆಂದು ಕೊಂಡ ವಸ್ತು ಕೊನೆಗೆ ಒಡೆಯನಿಗೂ ಒಂದು ಗುಂಡನ್ನು ಮರೆಮಾಡಿಟ್ಟುಕೊಂಡಿರುತ್ತದೆ.

ಈಗ ನಮ್ಮ ಸೀಮೆಯ ಭಯಗಳನ್ನು ಒಂದೊಂದಾಗಿ ಈ ಪಿಸ್ತೂಲಿನ ಮುಂದೆ ನಿಲ್ಲಿಸಿ ನೋಡೋಣ. ಚಿರತೆಯ ಮಾತು ಮೊದಲು ಬರುತ್ತದೆ. ಗುಡ್ಡದ ಕಡೆಗೆ ಕರಡಿಯದೂ ಸೇರುತ್ತದೆ. ಪೊದೆಯಿಂದ ಹಾರುವ ಚಿರತೆಗೆ ಸೊಂಟದ .32ರಿಂದ ಉತ್ತರ ಕೊಡುವೆನೆನ್ನುವುದು ಕಥೆಯಲ್ಲಿ ಮಾತ್ರ ಸಾಧ್ಯ. ಗಾಯಗೊಂಡ ಚಿರತೆ ಗಾಯಗೊಳ್ಳದ ಚಿರತೆಗಿಂತ ಕೆಟ್ಟದ್ದು. ಮೇಲಾಗಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಪ್ರಾಣಿ. ದೀಪ, ಸದ್ದು, ಜೊತೆಗೊಬ್ಬ ಮನುಷ್ಯ, ಅರಣ್ಯ ಇಲಾಖೆಯ ಬೋನು, ಇವೇ ಅದಕ್ಕೆ ಮದ್ದು. ಎರಡನೆಯದು ಅಟ್ಟದ ಕಳ್ಳ. ಅವನು ಬರುವುದು ಮನೆಯವರು ಮದುವೆಗೋ ಜಾತ್ರೆಗೋ ಹೋದಾಗ. ಆಗ ಸೊಂಟದ ಪಿಸ್ತೂಲೂ ಜಾತ್ರೆಯಲ್ಲಿಯೇ ಇರುತ್ತದೆ. ಮೂರನೆಯದು ಹಣ ಹೊತ್ತು ತರುವ ಭಯ. ಮಾರುಕಟ್ಟೆಯಲ್ಲಿ ಇ-ಟೆಂಡರು ಬಂದು, ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಜಮೆಯಾಗುವ ಏರ್ಪಾಡಾದ ಮೇಲೆ ಆ ಭಯ ಎಷ್ಟೋ ಇಳಿದಿದೆ. ಹಣವನ್ನು ಚೀಲದಲ್ಲಿ ತರುವುದನ್ನು ನಿಲ್ಲಿಸುವುದು ಪಿಸ್ತೂಲು ಕೊಳ್ಳುವುದಕ್ಕಿಂತ ಅಗ್ಗ.

ಉಳಿದದ್ದು ಹೆಸರು ಹೇಳದ ಭಯ. ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಕೊಳವೆಬಾವಿಯ ನೀರು, ಪಂಚಾಯತಿ ಚುನಾವಣೆಯ ವೈರ. ನಿಜ ಹೇಳಬೇಕೆಂದರೆ ಹಳ್ಳಿಯಲ್ಲಿ ಮನುಷ್ಯ ಮನುಷ್ಯನಿಗೆ ಹೆದರುವುದು ಬಹುಮಟ್ಟಿಗೆ ಇಂಥ ಕಡೆಗಳಲ್ಲಿಯೇ. ಎದುರಾಳಿ ಇಲ್ಲಿ ಅಪರಿಚಿತನಲ್ಲ. ಒಂದೇ ಬಾವಿಯ ನೀರು ಕುಡಿದವನು. ಇಂಥ ಜಗಳಗಳಲ್ಲಿ ಇಂದಿಗೂ ನಮ್ಮನ್ನು ಕಾಪಾಡುತ್ತಿರುವುದು ಏನು? ಕೋಪ ಬಂದ ಕೈಗೂ ಆಯುಧಕ್ಕೂ ನಡುವೆ ಇರುವ ದೂರ. ಮಚ್ಚು ಕೊಟ್ಟಿಗೆಯಲ್ಲಿದೆ, ಅದನ್ನು ತರಲು ಹತ್ತು ಹೆಜ್ಜೆ ನಡೆಯಬೇಕು. ಆ ಹತ್ತು ಹೆಜ್ಜೆಯಲ್ಲಿ ತಾಯಿ ಅಡ್ಡ ಬರುತ್ತಾಳೆ, ನೆರೆಯವರು ತೋಳು ಹಿಡಿಯುತ್ತಾರೆ, ಕೋಪವೇ ಅರ್ಧಕ್ಕಿಳಿಯುತ್ತದೆ. ಸೊಂಟದ ಪಿಸ್ತೂಲು ಆ ಹತ್ತು ಹೆಜ್ಜೆಗಳನ್ನೂ ನುಂಗಿಬಿಡುತ್ತದೆ. ಅದನ್ನು ದಿನವೂ ಒಯ್ಯುವವನು ಒಂದು ದಿನ ಬರಬಹುದಾದ ಕಳ್ಳನಿಗಾಗಿ ಮಾತ್ರ ಒಯ್ಯುವುದಿಲ್ಲ. ತನ್ನ ದಿನನಿತ್ಯದ ಕೋಪಗಳೊಡನೆಯೂ ಒಯ್ಯುತ್ತಾನೆ.

ಕೋಪದಷ್ಟೇ ಅಪಾಯಕಾರಿಯಾದದ್ದು ಹತಾಶೆ. 2023ರಲ್ಲಿ ಉಂಡೆ ಕೊಬ್ಬರಿಗೆ 11,750 ರೂಪಾಯಿ ಬೆಂಬಲ ಬೆಲೆಯಿದ್ದೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಗಿ ಬಂದುದನ್ನು ಇಲ್ಲಿಯವರು ಮರೆತಿಲ್ಲ. ಸಾಲ ಬೆಳೆಯುವ, ನಿದ್ದೆ ಕೆಡುವ ಇಂಥ ಕಾಲದಲ್ಲಿ ಮನೆಯೊಳಗೆ ತೋಟಾ ತುಂಬಿದ ಆಯುಧವಿರುವುದು ಮನೆಯವರಿಗೇ ಕಂಟಕ. ಅಮೆರಿಕದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆತ್ಮಹತ್ಯೆಗಳೆಂಬುದು ಅಲ್ಲಿಯ ಸರ್ಕಾರದ ಲೆಕ್ಕಗಳಿಂದಲೇ ತಿಳಿದುಬರುವ ಸಂಗತಿ. ಕಳ್ಳನಿಗೆಂದು ಕೊಂಡದ್ದು ಯಜಮಾನನನ್ನೋ ಅವನ ಮಗನನ್ನೋ ತೆಗೆದುಕೊಂಡು ಹೋಗುತ್ತದೆ. ಮನಸ್ಸು ಕುಗ್ಗಿದವರಿರುವ ಮನೆಗೆ ಪಿಸ್ತೂಲು ಬರಲೇಕೂಡದು. ಬಂದಿದ್ದರೆ ಹೊರಗೆ ಹೋಗಬೇಕು. ಇದರಲ್ಲಿ ಎರಡು ಮಾತಿಲ್ಲ.

“ಹಾಗಾದರೆ ನಮ್ಮ ಪೂರ್ವಿಕರು ಆಯುಧ ಹಿಡಿಯಲಿಲ್ಲವೆ? ವೀರರ ನಾಡಲ್ಲವೆ ಇದು?” ಎಂದು ಕೇಳುವವರಿದ್ದಾರೆ. ಹಿಡಿದರು, ಆದರೆ ಹೇಗೆ ಹಿಡಿದರೆಂಬುದನ್ನು ವೀರಗಲ್ಲುಗಳೇ ಹೇಳುತ್ತವೆ. ತುರುವೇಕೆರೆಯ ಹೆಸರಿನಲ್ಲಿಯೇ ತುರುವಿನ ಸದ್ದು ಕೇಳುತ್ತದೆ. ತುರುಗೊಳ್, ಪೆಣ್ಬುಯಲ್, ಊರಳಿವು ಎಂಬ ಮಾತುಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ದನ ಹೊಡೆದುಕೊಂಡು ಹೋಗುವವರನ್ನು, ಹೆಣ್ಣಿನ ಮಾನಕ್ಕೆ ಕೈಹಾಕಿದವರನ್ನು, ಊರನ್ನು ಸುಡಬಂದವರನ್ನು ಅಡ್ಡಗಟ್ಟಿ ಸತ್ತವನನ್ನು ಊರು ಕಲ್ಲಿನಲ್ಲಿ ನಿಲ್ಲಿಸಿತು. ಆ ಕಲ್ಲನ್ನು ಹತ್ತಿರದಿಂದ ನೋಡಬೇಕು. ಬಿಲ್ಲೋ ಕತ್ತಿಯೋ ಎತ್ತಿದ ಕೈಯಲ್ಲಿದೆ, ಎಲ್ಲರಿಗೂ ಕಾಣುವಂತೆ. ಯಾರಿಗಾಗಿ ಹಿಡಿದ, ಯಾರ ಮೇಲೆ ಹಿಡಿದ ಎಂಬುದಕ್ಕೆ ಇಡೀ ಊರು ಸಾಕ್ಷಿ. ಅವನ ಮಕ್ಕಳಿಗೆ ನೆತ್ತರುಗೊಡಗೆಯ ನೆಲ ಕೊಟ್ಟದ್ದೂ ಆ ಸಾಕ್ಷಿಯ ಬಲದ ಮೇಲೆಯೇ. ಸೊಂಟದಲ್ಲಿ ಬಚ್ಚಿಟ್ಟ ಆಯುಧಕ್ಕೆ ನಿಂತ ವೀರಗಲ್ಲನ್ನು ನಾನು ಕಂಡಿಲ್ಲ. ದೊಣ್ಣೆಯೊಳಗೆ ಕತ್ತಿಯಡಗಿಸಿದ ‘ಗುಪ್ತಿ’ ಎಂಬ ಸಾಧನವೂ ನಮ್ಮಲ್ಲಿತ್ತು; ಆ ಮಾತನ್ನು ನಮ್ಮ ಜನ ಮೆಚ್ಚುಗೆಯ ದನಿಯಲ್ಲಿ ಆಡಿದ್ದು ಕಡಮೆ.

ಕೊಡಗಿನ ಉದಾಹರಣೆಯನ್ನು ತರುವವರೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆದರೆ ಅಲ್ಲಿಯ ಆಯುಧದ ಸಂಸ್ಕೃತಿ ಬಯಲಿನದು. ಪೀಚೆಕತ್ತಿ ನಡುವಿನ ಮುಂದೆ ಕಾಣುವಂತೆ ನಿಲ್ಲುತ್ತದೆ, ಒಡಿಕತ್ತಿ ಬೆನ್ನಿನ ಮೇಲೆ ಹೊಳೆಯುತ್ತದೆ; ಕೈಲ್‌ಪೊಳ್ದಿನ ದಿನ ಕೋವಿಗೆ ಮನೆಮಂದಿಯೆಲ್ಲರ ಮುಂದೆ ಹೂವೇರಿಸಿ ಪೂಜೆ ಮಾಡುತ್ತಾರೆ. ಮನೆಯ ಆಯುಧವನ್ನು ಮನೆಯ ಮಗುವೂ ಬಲ್ಲದು, ಊರೂ ಬಲ್ಲದು. ಅಂಗಿಯ ಕೆಳಗಿನ ಪಿಸ್ತೂಲಿಗೆ ಈ ವಂಶಾವಳಿಯಲ್ಲಿ ಸ್ಥಾನವಿಲ್ಲ.

ಅದರ ವಂಶಾವಳಿಯೇ ಬೇರೆ. 1914ರ ಜೂನ್ 28ರಂದು ಸರಾಯೇವೊ ನಗರದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದು ಮಹಾಯುದ್ಧಕ್ಕೆ ಕಿಡಿಯಿಟ್ಟದ್ದು ಬ್ರೌನಿಂಗನದೇ ವಿನ್ಯಾಸದ ಸಣ್ಣ ಪಿಸ್ತೂಲು. 1948ರ ಜನವರಿ 30ರಂದು ಪ್ರಾರ್ಥನೆಗೆ ಹೊರಟ ಮಹಾತ್ಮರ ಎದೆಗೆ ಹೊಡೆದದ್ದು ಇಟಲಿಯ ಬೆರೆಟ್ಟಾ ಎಂಬ ಚಿಕ್ಕ ಪಿಸ್ತೂಲು. ನಮ್ಮ ನಾಡಿನಲ್ಲಿಯೇ, 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರು ತಮ್ಮ ಮನೆಯ ಮುಂದೆಯೇ ಬಲಿಯಾದರು. ಎರಡು ಕೊಲೆಗಳಲ್ಲಿಯೂ ಬಳಕೆಯಾದದ್ದು ಒಂದೇ 7.65 ಮಿಲಿಮೀಟರಿನ ನಾಡಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಿಳಿಸಿತು. ನಮ್ಮ ವರ್ತಕರು ವಿಚಾರಿಸುವ .32ರ ಅಳತೆಯೂ ಇದೇ. ಕಲಬುರ್ಗಿಯವರು ವಚನಗಳನ್ನೂ ಶಾಸನಗಳನ್ನೂ ಶೋಧಿಸಿದವರು. ವೀರಮರಣದ ಸ್ಮಾರಕಗಳ ಮೇಲೆಯೂ ಗ್ರಂಥ ಬರೆದವರು. ಆಯುಧವನ್ನು ಎತ್ತಿಹಿಡಿದು ಸತ್ತವರ ಕಲ್ಲುಗಳನ್ನು ಓದಿ ನಮಗೆ ತಿಳಿಸಿದ ವಿದ್ವಾಂಸರು ಬಚ್ಚಿಟ್ಟ ಆಯುಧದಿಂದ ಸತ್ತರು. ಕನ್ನಡ ಓದುವ ಪ್ರತಿಯೊಬ್ಬನೂ ಇದನ್ನು ನೆನೆಯಬೇಕು.

“ಅವರ ಬಳಿಯೂ ಒಂದು ಪಿಸ್ತೂಲಿದ್ದಿದ್ದರೆ?” ಎಂಬ ಪ್ರಶ್ನೆ ಸುಲಭವಾಗಿ ಏಳುತ್ತದೆ. ಮನೆಯ ಬಾಗಿಲಿಗೆ ಬಂದವರನ್ನು ಮಾತನಾಡಿಸಲು ಹೋಗುವ ಮೇಷ್ಟರು ಸೊಂಟಕ್ಕೆ ಕೈಯಿಟ್ಟುಕೊಂಡು ಹೋಗಬೇಕೆ? ಬಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊಲೆಗಾರನಿರಬಹುದೆಂದು ಬಗೆದು ಬದುಕಬೇಕೆ? ಮರೆಯ ಆಯುಧದ ಅನುಕೂಲವೆಲ್ಲ ಮೊದಲು ಕೈಯೆತ್ತುವವನಿಗೆ. ರಕ್ಷಣೆಗೆಂದು ಒಯ್ಯುವವನು ಯಾವಾಗಲೂ ಎರಡನೆಯವನು. ಆ ಅರೆಕ್ಷಣದ ಹಿಂದುಳಿತವನ್ನು ಯಾವ ಕಾರ್ಖಾನೆಯೂ ಸರಿಪಡಿಸಿಕೊಡಲಾರದು.

ಇಷ್ಟಾದರೂ ನಿಜವಾದ ಬೆದರಿಕೆಯಿದ್ದು ಪರವಾನಗಿ ಪಡೆದವರು ಇದ್ದೇ ಇರುತ್ತಾರೆ. ಅವರಿಗೆ ಹೇಳತಕ್ಕದ್ದು ಇಷ್ಟು. ಅತಿ ಚಿಕ್ಕದನ್ನು ಆರಿಸಬೇಡಿ. ಅಂಗಿಯನ್ನು ಕೇಳಬೇಡಿ, ಅಂಗೈಯನ್ನು ಕೇಳಿ. ಕುದುರೆ ಹಗುರವಾಗಿ ಎಳೆಯಬರುವುದಕ್ಕಿಂತ ಸ್ವಲ್ಪ ಬಿಗಿಯಾಗಿರುವುದೇ ಮೇಲು. ಆ ಬಿಗಿಯಲ್ಲಿ ಕೊಟ್ಟಿಗೆಯ ಹತ್ತು ಹೆಜ್ಜೆಗಳಲ್ಲಿ ಒಂದಾದರೂ ಉಳಿದೀತು. ನಳಿಗೆಯ ಬುಡದಲ್ಲಿ ತೋಟಾ ಇಟ್ಟುಕೊಂಡು ತಿರುಗಬೇಡಿ. ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆಯಿಲ್ಲದೆ ಬರಿ ಜೇಬಿನಲ್ಲಿ ಇಡಬೇಡಿ. ಗುರಿಯಭ್ಯಾಸವನ್ನು ವರ್ಷಕ್ಕೊಮ್ಮೆಯ ಶಾಸ್ತ್ರವಾಗಿಸಬೇಡಿ. ಮನೆ ಸೇರಿದೊಡನೆ ಆಯುಧ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ. ಕುಡಿತವಿರುವ ಕಡೆಗೆ ಕೊಂಡೊಯ್ಯಲೇಬೇಡಿ. ಆತ್ಮರಕ್ಷಣೆಯ ಹಕ್ಕಿಗೂ ಮೇರೆಯಿದೆ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಅದನ್ನು ವಿವರಿಸುತ್ತವೆ. ರಕ್ಷಣೆಗೆ ಅವಶ್ಯವಾದದ್ದಕ್ಕಿಂತ ಹೆಚ್ಚಿನ ಕೇಡನ್ನು ಮಾಡುವ ಅಧಿಕಾರ ಯಾರಿಗೂ ಇಲ್ಲ. ಹಾರಿಸಿದ ಒಂದೊಂದು ಗುಂಡಿಗೂ ನ್ಯಾಯಾಲಯದಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆಯುಧ ಮರೆಯಲ್ಲಿರಲಿ, ಗುಟ್ಟಿನಲ್ಲಿರಬಾರದು. ಮರೆಯೂ ಗುಟ್ಟೂ ಒಂದೇ ಅಲ್ಲ. ಬೀದಿಯವರು ಬೆದರದಿರಲೆಂದು ಮುಚ್ಚುವುದು ಮರೆ. ಮನೆಯವರಿಗೆ ತಿಳಿಯದಿರಲೆಂದು ಅಡಗಿಸುವುದು ಗುಟ್ಟು. ಮನೆಯೊಡತಿಗೆ, ಬೆಳೆದ ಮಕ್ಕಳಿಗೆ ಅದು ಎಲ್ಲಿದೆ, ಏಕಿದೆ ಎಂಬುದು ತಿಳಿದಿರಬೇಕು. “ನಿಮ್ಮ ಮನಸ್ಸು ಈಗ ಸರಿಯಿಲ್ಲ, ಅದನ್ನು ಠಾಣೆಯಲ್ಲಿಟ್ಟು ಬನ್ನಿ” ಎಂದು ಹೇಳುವ ಸ್ವಾತಂತ್ರ್ಯ ಅವರಿಗಿರಬೇಕು. ಚುನಾವಣೆಯ ಕಾಲದಲ್ಲಿ ಪರವಾನಗಿಯ ಆಯುಧಗಳನ್ನು ಸರ್ಕಾರ ಠಾಣೆಗೆ ತರಿಸಿಕೊಳ್ಳುತ್ತದೆ. ನಾಡಿನ ಮನಸ್ಸು ಕಾದಿರುವ ಹೊತ್ತು ಅದೆಂದು. ಮನೆಯ ಮನಸ್ಸು ಕಾದಿರುವ ಹೊತ್ತನ್ನು ಸರ್ಕಾರ ಅರಿಯಲಾರದು, ಮನೆಯವರೇ ಅರಿಯಬೇಕು. ವೀರಗಲ್ಲಿನ ಕಾಲದಲ್ಲಿ ಊರು ಮಾಡುತ್ತಿದ್ದ ಸಾಕ್ಷಿಯ ಕೆಲಸವನ್ನು ಇಂದು ಮನೆಯಾದರೂ ಮಾಡಲಿ. ಹೆಂಡತಿಗೆ ಹೇಳಲು ಧೈರ್ಯವಿಲ್ಲದವನು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸುವ ಗೋಜಿಗೆ ಹೋಗದಿರುವುದು ಅವನಿಗೂ ಕ್ಷೇಮ, ತೆಂಗಿನ ಸೀಮೆಗೂ ಕ್ಷೇಮ.